ಪತ್ರಿಕೆಯಲ್ಲಿ ಹಿಡಿಯದ ಹೆಸರುಗಳು

ಕಲಬುರಗಿ

ಚಿ. ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಜೊತೆಗೆ ನೀನೇ ಕೂತು ಮಾಡಿದ ಲಗ್ನಪತ್ರಿಕೆಯ ನಮೂನೆಯೂ ಬಂತು. ಖರ್ಚಿನ ಮಾತು ನಾನು ಎತ್ತುವುದಿಲ್ಲ. ಅದು ನಿಮ್ಮಪ್ಪನಿಗೂ ಗೊತ್ತು, ನನಗೂ ಗೊತ್ತು. ಅಂಚಿಗೆ ಬಿಡಿಸಿದ ಮಾವಿನ ತೋರಣ ನೋಡಿ ನಿನ್ನ ಕಾಕು ಖುಷಿಪಟ್ಟಳು. ನಾನು ಮಾತ್ರ ಕಾಗದದ ಕೊನೆಯ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. "ಕಾರ್ಡು ಸಣ್ಣದು, ಎಲ್ಲರ ಹೆಸರು ಹಿಡಿಯೋದಿಲ್ಲ. ಹೆಸರಿಲ್ಲ ಅಂತ ಸಿಟ್ಟಾಗಿ ಯಾರಾದರೂ ಮದುವೆಗೆ ಬರದೇ ಹೋದರೆ ಏನು ಮಾಡೋದು ಕಾಕಾ?"

ನೀನು ಸುಮ್ನೆ ಕೇಳಿರಬಹುದು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಂಥವರು ಇಲ್ಲ ಅಂತ ಹೇಳಿ ನಿನಗೆ ಸಮಾಧಾನ ಮಾಡಲಾರೆ. ಇದ್ದಾರೆ. ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತ ಕೂತಿದ್ದ ಕಾಲದಲ್ಲಿ ನೋಡಿದ್ದೇನಲ್ಲ. ನಮ್ಮ ಕಡೆ ಜನ ಲಗ್ನಪತ್ರಿಕೆಯನ್ನು ಮೇಲಿಂದ ಓದುವುದಿಲ್ಲ. ಮೊದಲು ಕೆಳಗೆ 'ಸುಖಾಗಮನ ಬಯಸುವವರು' ಅನ್ನುವಲ್ಲಿಗೆ ಕಣ್ಣು ಹೋಗುತ್ತದೆ. ತಮ್ಮ ಹೆಸರು ಎಷ್ಟನೆಯದು, ತಮಗಿಂತ ಮೇಲೆ ಯಾರದಿದೆ, ಮೊಮ್ಮಕ್ಕಳ ಹೆಸರು 'ನಮ್ಮ ಮಾಮಾನ ಮದುವೆಗೆ ಬರ್ರಿ' ಅನ್ನುವ ಸಾಲಿನಲ್ಲಿ ಬಂದಿದೆಯೋ ಇಲ್ಲವೋ. ಮುಹೂರ್ತ ನೋಡುವುದು ಆಮೇಲೆ. ಅಚ್ಚಿಗೆ ಇಳಿಸಬೇಕು ಅನ್ನುವಾಗ ಹುಡುಗಿಯ ಅಪ್ಪ ಓಡಿಬರುತ್ತಿದ್ದ. "ಇದೊಂದು ಹೆಸರು ಸೇರಸ್ರಿ, ಇಲ್ಲಾಂದ್ರ ಮನಿ ಒಡೀತದ." ಕಟ್ಟಿದ ದಾರ ಬಿಚ್ಚಿ, ಸಾಲು ಸರಿಸಿ, ಮತ್ತೆ ಜೋಡಿಸುತ್ತಿದ್ದೆವು. ಆಗ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಒಂದು ಸುಲಭದ ಮಾತು ಹೇಳಲಾ? ನಿನ್ನ ಕಾರ್ಡಿನ ಹಿಂಬದಿ ಪೂರಾ ಖಾಲಿ ಇದೆ. ಮುಂದೆ ಬಣ್ಣ ಹಾಕಿಸು, ಹಿಂದೆ ಬರೀ ಕಪ್ಪಿನಲ್ಲಿ ಹೆಸರು ಹಾಕಿಸು. ಖರ್ಚು ಸ್ವಲ್ಪ ಏರುತ್ತದೆ, ದುಪ್ಪಟ್ಟೇನೂ ಆಗುವುದಿಲ್ಲ. ಆದರೆ ಹೆಸರು ತುರುಕಬೇಕು ಅಂತ ಅಕ್ಷರ ಸಣ್ಣದು ಮಾಡಬೇಡ. ಹತ್ತು ಪಾಯಿಂಟಿಗಿಂತ ಕೆಳಗೆ ಹೋದರೆ ವಯಸ್ಸಾದವರಿಗೆ ಕಾಣದು. ಇಂಗ್ಲಿಷಿಗೆ ಬಿಟ್ಟಷ್ಟೇ ಸಾಲಿನ ನಡುವೆ ಜಾಗ ಬಿಟ್ಟರೆ ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತವೆ, ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ.

ಇಷ್ಟು ಹೇಳಿದರೆ ನಿನ್ನ ಪ್ರಶ್ನೆಗೆ ಉತ್ತರ ಆಗಲಿಲ್ಲ, ನನಗೂ ಗೊತ್ತು. ಎಷ್ಟು ಜಾಗ ಕೊಟ್ಟರೂ ಯಾರದೋ ಒಂದು ಹೆಸರು ಹೊರಗೇ ಉಳಿಯುತ್ತದೆ.

ನನ್ನ ಮದುವೆ 1979ರಲ್ಲಿ ಆಯಿತು. ಪತ್ರಿಕೆ ನಮ್ಮ ಪ್ರೆಸ್ಸಿನಲ್ಲೇ. ಕಾಗದದ ದುಡ್ಡಷ್ಟೇ ಕೊಟ್ಟಿದ್ದು, ಮೊಳೆ ನಾನೇ ಜೋಡಿಸಿದೆ, ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರವನ್ನೂ ನಾನೇ ತುಳಿದೆ. ಲಕೋಟೆ ಕೊಳ್ಳುವ ಶಕ್ತಿ ಇರಲಿಲ್ಲ, ಮನೆಯಲ್ಲೇ ಅಂಟಿಸಿದೆವು. ಅಂಟಿಸಿದವಳು ನಮ್ಮ ಅತ್ತಿ, ನಮ್ಮಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಹೋಗಿ ನಮ್ಮ ಮನೆಗೇ ಬಂದವಳು. ನನ್ನನ್ನೂ ನಿಮ್ಮಪ್ಪನನ್ನೂ ಎತ್ತಿ ಆಡಿಸಿದವಳು. ಮೈದಾಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಅಂಟು ಮಾಡುತ್ತಿದ್ದಳು. ಹುಳ ಹತ್ತಬಾರದು ಅಂತ ಚಿಟಿಕೆ ಮೈಲುತುತ್ತ ಹಾಕುತ್ತಿದ್ದಳು. ಬೆರಳ ತುದಿಯಲ್ಲಿ ಒಂದೇ ಎಳೆ ಅಂಟು ಎಳೆದು, ಅಂಗೈಯಿಂದ ಒತ್ತಿ, ಪಕ್ಕಕ್ಕಿಡುವಳು. ಒಂದು ಲಕೋಟೆಯೂ ಸುಕ್ಕಾಗಲಿಲ್ಲ. (ನೀನು ಮೈಲುತುತ್ತದ ಉಸಾಬರಿಗೆ ಹೋಗಬೇಡ. ಅದು ವಿಷ. ಅಂಗಡಿಯ ಗೋಂದು ಸಾಕು, ತೆಳ್ಳಗೆ ಹಚ್ಚಬೇಕು ಅಷ್ಟೇ.)

ಅತ್ತಿಗೆ ಓದು ಬರುತ್ತಿರಲಿಲ್ಲ. ಎಲ್ಲ ಅಂಟಿಸಿ ಮುಗಿದ ಮೇಲೆ ಒಂದು ಪತ್ರಿಕೆ ಕೈಯಲ್ಲಿ ಹಿಡಿದು ಕೇಳಿದಳು. "ಇದರಾಗ ನನ್ನ ಹೆಸರು ಎಲ್ಲಿ ಅದ ತಮ್ಮಾ?"

ಇರಲಿಲ್ಲ. ಹಿರಿಯರು ಕೊಟ್ಟ ಪಟ್ಟಿಯಲ್ಲೇ ಇರಲಿಲ್ಲ. ಶುಭಕಾರ್ಯದ ಪತ್ರಿಕೆ, ಗಂಡ ಇಲ್ಲದವಳ ಹೆಸರು ಬೇಡ ಅಂತ. ಬಸವಣ್ಣನ ಕಲ್ಯಾಣ ನಮ್ಮಿಂದ ಬಸ್ಸಿನ ಹಾದಿ. ನಮ್ಮ ನಡವಳಿಕೆ ಮಾತ್ರ ಹೀಗೆ. ನಾನು 'ಬಂಧು ಬಳಗದವರು' ಅನ್ನುವ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಅದ ಅತ್ತಿ" ಅಂದೆ. ಆಗಿನ ಅಚ್ಚು ಹಾಳೆಯಲ್ಲಿ ಸ್ವಲ್ಪ ಇಳಿದು ಕೂಡುತ್ತಿತ್ತು. ಅವಳು ಆ ಸಾಲನ್ನು ಬೆರಳಿನಿಂದ ಸವರಿದಳು. ಉದ್ದ ಅದ, ಅಂದಳು. ಅಷ್ಟೇ.

ಮದುವೆಗೆ ಎಲ್ಲಿ ಬರದೇ ಇರುತ್ತಾಳೆ? ಅದೇ ಮನೆಯವಳು. ಹೋಳಿಗೆಯ ಹೂರಣ ರುಬ್ಬಿದವಳೇ ಅವಳು. ನೀನು ಬರದವರ ಬಗ್ಗೆ ಹೆದರಿ ಬರೆದಿದ್ದೀಯ. ನನ್ನ ತಲೆಯಲ್ಲಿ ಬಂದವಳೇ ಕೂತಿದ್ದಾಳೆ. ಆ ಹೆಸರಿಗೆ ನಾಲ್ಕು ಅಕ್ಷರದ ಮೊಳೆ ಸಾಕಿತ್ತು, ನನ್ನ ಕೈ ಅಳತೆಯಲ್ಲೇ ಇತ್ತು. ಪಟ್ಟಿಯಲ್ಲಿ ಇಲ್ಲದ್ದನ್ನು ಜೋಡಿಸುವುದು ಹೇಗೆ ಅಂತ ಆಗ ಅನ್ನಿಸಿತು. ಅದಿರಲಿ.

ಎಲ್ಲಿಗೋ ಹೋದೆ. ಕಾರ್ಡಿಗೆ ಬರೋಣ. ನೀನು ಎ4 ಹಾಳೆಯನ್ನು ಉದ್ದಕ್ಕೆ ಮೂರು ಮಾಡಿದ್ದೀಯ, ಅದು ಜಾಣತನ. ಒಂದೊಂದು 99 ಮಿಲಿಮೀಟರ್ ಅಗಲ, 210 ಉದ್ದ ಬರುತ್ತದೆ. ಅದಕ್ಕೆ 110ಕ್ಕೆ 220ರ ಲಕೋಟೆ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುತ್ತದೆ. ನೂರು ಹಾಳೆಗೆ ಮುನ್ನೂರು ಕಾರ್ಡು. ಹತ್ತಿಪ್ಪತ್ತು ಹಾಳೆ ಜಾಸ್ತಿ ತಂದಿಟ್ಟುಕೋ, ಕೆಡುತ್ತವೆ. 300 ಜಿಎಸ್‌ಎಂ ದಪ್ಪ ಹಾಳೆಯನ್ನು ಮನೆಯ ಪ್ರಿಂಟರ್ ಎಳೆಯಲು ತಿಣುಕುತ್ತದೆ. ಝೆರಾಕ್ಸ್ ಅಂಗಡಿಯ ದೊಡ್ಡ ಯಂತ್ರದಲ್ಲಿ ತೆಗೆಸು, ಕತ್ತರಿಸುವುದನ್ನೂ ಅಲ್ಲೇ ಮಾಡಿಸು. ಕತ್ತರಿ ಹಿಡಿದು ಮುನ್ನೂರು ಕತ್ತರಿಸಿದರೆ ಒಂದೂ ನೆಟ್ಟಗೆ ಬರುವುದಿಲ್ಲ. ಆ ಕಾರ್ಡು ಒಂದಕ್ಕೆ ಆರು ಗ್ರಾಂ ಆಸುಪಾಸು. ಲಕೋಟೆ ಸೇರಿದರೂ 20 ಗ್ರಾಂ ದಾಟದು. ದೂರದವರಿಗೆ ಸಾದಾ ಅಂಚೆಯ ಮೊದಲ ದರದಲ್ಲೇ ಹೋಗುತ್ತದೆ. ಮುತ್ತು, ಗೊಂಡೆ ಅಂಟಿಸಿದರೆ ಈ ಲೆಕ್ಕ ತಪ್ಪುತ್ತದೆ. ನಮ್ಮ ಬಿಸಿಲಿಗೆ ಅವು ಉದುರುವುದೂ ಹೌದು.

ಇನ್ನೊಂದು, ತಪ್ಪು ತಿಳಿಯಬೇಡ. 'ಕಲ್ಯಾಣ ಮಂಟಪ' ಅಂತ ಇರಬೇಕಾದಲ್ಲಿ ಒತ್ತು ಬಿಚ್ಚಿಕೊಂಡು 'ಕಲ್‌ಯಾಣ' ಆಗಿದೆ. ಫೋನಿನಲ್ಲಿ ಯೂನಿಕೋಡಿನಲ್ಲಿ ಟೈಪು ಮಾಡಿದ್ದನ್ನು ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದರೆ ಹೀಗಾಗುತ್ತದೆ. ಅಂಗಡಿಯವರು 'ನುಡಿ' ಸಾಫ್ಟ್‌ವೇರಿನಲ್ಲಿ ಮತ್ತೆ ಟೈಪು ಮಾಡುತ್ತೇವೆ ಅಂದರೆ ಒಪ್ಪಬೇಡ. ಒಪ್ಪಿದರೆ ಮತ್ತೊಮ್ಮೆ ಕರಡು ನೋಡದೆ ಬಿಡಬೇಡ. ನೀನೇ ಪಿಡಿಎಫ್ ಮಾಡಿ ಕೊಟ್ಟರೆ ಅಕ್ಷರ ಕದಲುವುದಿಲ್ಲ. ಕರಡನ್ನು ಒಬ್ಬಳೇ ಓದಬೇಡ. ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ಅಕ್ಷರದ ಮೇಲೆ ಬೆರಳಿಟ್ಟು ನೋಡಬೇಕು. ತಾರೀಖಿಗೂ ವಾರಕ್ಕೂ ತಾಳೆ ಇದೆಯೇ ಅಂತ ಕ್ಯಾಲೆಂಡರ್ ತೆಗೆದು ನೋಡು. ಬೀಗರ ಮನೆತನದ ಹೆಸರನ್ನು ಅವರ ಕೈಯಲ್ಲೇ ಬರೆಸಿಕೋ. ಹೆಸರು ಬಿಟ್ಟರೆ ಆಗುವ ನೋವೇ ತಪ್ಪಾಗಿ ಬರೆದರೂ ಆಗುತ್ತದೆ. ಊರಿನ ಹೆಸರು 2014ರಲ್ಲೇ ಬದಲಾಗಿದೆ, ಆದರೂ ಸೊಲ್ಲಾಪುರದ ನೆಂಟರು ಇನ್ನೂ ಗುಲ್ಬರ್ಗ ಅಂತಲೇ ಹುಡುಕುತ್ತಾರೆ. ಅವರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಎರಡೂ ಹಾಕು.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಜಾರಾಗಬೇಡ. ಬರದೇ ಹೋಗುವವರು ಹೆಸರಿಗಾಗಿಯೇ ನಿಲ್ಲುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಪತ್ರಿಕೆಯನ್ನು ಯಾರದೋ ಕೈಯಲ್ಲಿ ಕಳಿಸಿದರು, ಬಾಗಿಲಿಗೆ ಬರಲಿಲ್ಲ ಅನ್ನುವುದೇ ಜಾಸ್ತಿ. ಕಾರ್ಡಿನಲ್ಲಿ ಉಳಿದ ದುಡ್ಡು ಬಸ್ಸಿಗೆ ಹಾಕಲು ನಿಮ್ಮಪ್ಪನಿಗೆ ಹೇಳು. ಆಳಂದ, ಸೇಡಂ, ಚಿತ್ತಾಪುರ, ಜೇವರ್ಗಿ, ಯಾವುದೂ ದೂರವಲ್ಲ. ಹೊಸಿಲು ದಾಟಿ ಒಳಗೆ ಹೋಗಿ ಕೂತು, ಕುಂಕುಮ ಹಚ್ಚಿ, ಅವರು ಕೊಟ್ಟ ಚಹಾ ಕುಡಿದು ಕರೆದು ಬರಲಿ. ಮೊದಲ ಪತ್ರಿಕೆ ಶರಣಬಸವೇಶ್ವರರ ಗುಡಿಗೆ. ಅದನ್ನು ನಾನೇ ಒಯ್ಯುತ್ತೇನೆ. ಇಷ್ಟಾಗಿಯೂ ಬರದವರು ಬರುವುದಿಲ್ಲ. ಅವರಿಗೆ ಏನು ಮಾಡಬೇಕು ಅಂತ ನನಗೂ ತಿಳಿಯದು.

ಹೆಸರು ಬಿಡುವುದೇ ಆದರೆ ಎಲ್ಲರದನ್ನೂ ಬಿಡು. ಎರಡೂ ಕಡೆಯ ತಂದೆ ತಾಯಿ, ಕೆಳಗೆ 'ಬಂಧು ಬಳಗದವರು' ಅಂತ ಹಾಕಿ ಮುಗಿಸು ಅಂತ ಬರೆಯಬೇಕು ಅಂದುಕೊಂಡೆ. ಆ ಎರಡು ಪದ ನನ್ನ ಕೈಯಿಂದ ನಿನಗೆ ಹೇಳಲು ಮನಸ್ಸು ಬರುತ್ತಿಲ್ಲ. ಬೇರೆಯವರು ಹೇಳಿದರೆ ಅದು ಒಳ್ಳೆಯ ಸಲಹೆಯೇ. ನಿನಗೆ ಸರಿ ಕಂಡದ್ದು ಮಾಡು.

ಆದರೆ ಹೆಸರು ಹಾಕುವುದಾದರೆ ಒಂದು ಕೇಳುತ್ತೇನೆ. ನಿನ್ನ ನಮೂನೆಯಲ್ಲಿ ದೊಡ್ಡಪ್ಪನ ಹೆಸರಿನ ಹಿಂದೆ 'ದಿ.' ಅಂತ ಇದೆ. ಅವನ ಮಕ್ಕಳಿದ್ದಾರೆ, ಸೊಸೆಯರಿದ್ದಾರೆ. ದೊಡ್ಡವ್ವ ಇಲ್ಲ. ನೀನು ಬಿಟ್ಟಿದ್ದಲ್ಲ, ಪಟ್ಟಿ ಬರೆದುಕೊಟ್ಟವರು ಬಿಟ್ಟಿದ್ದು ಅಂತ ನನಗೆ ಗೊತ್ತು. ಅವಳಿಗೆ ಓದು ಬರುತ್ತದೆ. ಅವಳ ಹೆಸರನ್ನು ಮೊದಲ ಸಾಲಿಗೆ ತಾ. ನಿಮ್ಮಪ್ಪ ಏನಾದರೂ ಅಂದರೆ ನನಗೆ ಫೋನ್ ಮಾಡಲಿ, ನಾನು ಮಾತಾಡುತ್ತೇನೆ. ಜಾಗ ಸಾಲದಿದ್ದರೆ ನನ್ನ ಹೆಸರು ತೆಗೆ.

ತಿದ್ದಿದ ಕರಡನ್ನು ಹಾಳೆಯ ಮೇಲೆ ತೆಗೆದು ಕಳಿಸು. ಫೋನಿನಲ್ಲಿ ನನಗೆ ಒತ್ತಕ್ಷರ ಕಾಣುವುದಿಲ್ಲ. ಲಕೋಟೆ ನಾನು ಸೂಪರ್ ಮಾರ್ಕೆಟ್ ಕಡೆ ವಿಚಾರಿಸಿ ಇಟ್ಟಿರುತ್ತೇನೆ. ಹಳದಿ ಬೇಕೋ ಕೆಂಪು ಬೇಕೋ ಅದನ್ನಷ್ಟು ಬೇಗ ತಿಳಿಸು.

ನಿನ್ನ ಕಾಕಾ