ಉಳ್ಳಾಲದ ಕೈಟ್ ಸರ್ಫಿಂಗ್: ನಿಷೇಧ ಬೇಡ, ನಿಯಮ ಬೇಕು

ಮಾನ್ಯ ಸಂಪಾದಕರೇ,

ಉಳ್ಳಾಲದ ಕಡಲಿನಲ್ಲಿ ಗಾಳಿಪಟದ ಸೆಳೆತಕ್ಕೆ ಹಲಗೆಯ ಮೇಲೆ ಜಾರುವ ಕೈಟ್ ಸರ್ಫಿಂಗ್ ಆಟವನ್ನು ಪೂರ್ತಿ ನಿಲ್ಲಿಸಬೇಕೆಂಬ ಮಾತು ಈಚೆಗೆ ತೀರದಲ್ಲಿ ಕೇಳಿಬರುತ್ತಿದೆ. ಗೆಳೆಯರೊಂದಿಗೆ ಈ ಆಟವಾಡುವ ನಾನು, ಆ ಮಾತಿನ ಹಿಂದಿನ ಆತಂಕವನ್ನು ಗೌರವಿಸುತ್ತಲೇ, ನಿಷೇಧದ ಬದಲು ಆಟದ ಜಾಗ ಮತ್ತು ಹೊತ್ತನ್ನು ಗೊತ್ತುಪಡಿಸಬೇಕೆಂದು ಕೋರುತ್ತೇನೆ.

ಕಡಲ್ಕೊರೆತ ತಡೆಯಲು ಏಷ್ಯನ್ ಅಭಿವೃದ್ಧಿ ಬ್ಯಾಂಕ್ ನೆರವಿನ ಯೋಜನೆಯಡಿ ಉಳ್ಳಾಲದ ಮುಂದೆ, ಮರಳು ತುಂಬಿದ ಜಿಯೋಟೆಕ್ಸ್‌ಟೈಲ್ (ಗಟ್ಟಿ ಕೃತಕ ಬಟ್ಟೆಯ) ಚೀಲಗಳನ್ನು ಪೇರಿಸಿ ನೀರೊಳಗೆ ರೀಫ್, ಅಂದರೆ ದಿಬ್ಬ, ಕಟ್ಟಿರುವುದು ಇಲ್ಲಿಯವರಿಗೆಲ್ಲ ತಿಳಿದಿದೆ. ಆಳದ ನೀರಿನಿಂದ ಬರುವ ಅಲೆಗೆ ಅಲ್ಲಿ ತಳ ಒಮ್ಮೆಲೇ ಮೇಲೆದ್ದು ಸಿಗುವುದರಿಂದ, ಅದರ ಬುಡದ ವೇಗ ಕುಂದಿ, ನೆತ್ತಿ ಮುಂದಕ್ಕೆ ಬಾಗಿ, ದಡ ಮುಟ್ಟುವ ಮೊದಲೇ ಅದು ಒಡೆಯುತ್ತದೆ. ದಡ ಉಳಿಯಲು ಬೇಕಾದದ್ದೂ, ಅಲೆ ಏರುವವರಿಗೆ ಬೇಕಾದದ್ದೂ ಇದೇ. ಮರಳುದಿಬ್ಬದ ಮೇಲಿನ ಅಲೆ ಮಳೆಗಾಲ ಕಳೆದಂತೆ ಜಾಗ ಬದಲಿಸುತ್ತದೆ. ರೀಫಿನ ಅಲೆ ಎಲ್ಲಿ ಏಳುತ್ತದೆಂದು ಮೊದಲೇ ಹೇಳಬಹುದು. ಆದರೆ ಇಳಿತದ ಹೊತ್ತಿನಲ್ಲಿ ಅದರ ಮೇಲೆ ನೀರು ತೀರಾ ಕಡಿಮೆಯಿದ್ದು, ಬಿದ್ದವನಿಗೆ ಪೆಟ್ಟಾಗಬಹುದು. ಭರತ ಇಳಿತ ನೋಡದೆ ಅಲ್ಲಿಗೆ ಹೋಗುವುದು ಸಲ್ಲದು.

ಗಾಳಿಯ ವಿಚಾರ ಇನ್ನೂ ಮುಖ್ಯವಾದುದು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ನೆಲ ಕಾದ ಮೇಲೆ ವಾಯವ್ಯದಿಂದ ಬೀಸುವ ಕಡಲ ಗಾಳಿ ದಡಕ್ಕೆ ಓರೆಯಾಗಿ ಬರುವುದರಿಂದ, ಹಗ್ಗ ತುಂಡಾದರೂ ಅದು ಮನುಷ್ಯನನ್ನು ದಡದ ಕಡೆಗೇ ತಳ್ಳುತ್ತದೆ. ಬೆಳಗಿನ ನೆಲದ ಗಾಳಿ ಹಾಗಲ್ಲ. ಅದು ಕಡಲಿಗೆ ಕೊಂಡೊಯ್ಯುತ್ತದೆ. ಆ ಹೊತ್ತಿನಲ್ಲಿ ಎಷ್ಟೇ ನುರಿತವರಾದರೂ ಕೈಟ್ ಏರಿಸಬಾರದು. ಮಳೆಗಾಲದ ಕಡಲಿಗಂತೂ ಇಳಿಯುವ ಮಾತೇ ಬೇಡ.

ಇದು ಒಬ್ಬಂಟಿಯಾಗಿ ಆಡುವ ಆಟವಲ್ಲ. ಗಾಳಿ ತುಂಬಿದ ಕೈಟಿನ ಅಂಚನ್ನು ಒಬ್ಬ ಗೆಳೆಯ ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಇಪ್ಪತ್ತು ಮೀಟರಿಗೂ ಉದ್ದದ ಹಗ್ಗಗಳು ಸಿಕ್ಕಿಲ್ಲದೆ ಬಿಗಿಯಾಗಿವೆಯೆಂದು ಕಣ್ಣಾರೆ ನೋಡಿ, ಹಗ್ಗದ ಆಚೆ ತುದಿಯಲ್ಲಿರುವ ಆಟಗಾರ ಹೆಬ್ಬೆರಳು ಎತ್ತಿದ ಮೇಲಷ್ಟೇ ಬಿಡುತ್ತಾನೆ. ಒಮ್ಮೆ ನಮ್ಮಲ್ಲೊಬ್ಬನ ಕೈಟ್ ರೀಫಿನಾಚೆ ನೀರಿಗೆ ಬಿದ್ದು ಮತ್ತೆ ಏಳಲಿಲ್ಲ. ಇನ್ನೊಬ್ಬ ಅವನ ಹತ್ತಿರವೇ ಸುತ್ತುತ್ತ ಕಾವಲಿದ್ದ. ಹತ್ತಿರದಲ್ಲಿ ಬಲೆ ಬಿಟ್ಟಿದ್ದ ನಾಡದೋಣಿಯವರು ತಮ್ಮ ಕೆಲಸ ನಿಲ್ಲಿಸಿ ಬಂದು ಅವನನ್ನೂ ಹಲಗೆಯನ್ನೂ ದೋಣಿಗೆ ಎತ್ತಿಕೊಂಡರು. ಆ ಉಪಕಾರವನ್ನು ಮರೆಯುವಂತಿಲ್ಲ.

ಆದ್ದರಿಂದಲೇ ನಿಯಮ ರೂಪಿಸುವಾಗ ಮೊದಲ ಮಾತು ಮೀನುಗಾರರದ್ದಾಗಬೇಕು. ದಡದಲ್ಲಿ ನಿಂತು ಕೈಯಿಂದ ಎಳೆಯುವ ಕೈರಂಪಣಿ ಬಲೆಯನ್ನು ಎಳೆಯುವಾಗ ಬಿಗಿದ ಕೈಟ್ ಹಗ್ಗ ಅಡ್ಡ ಬಂದರೆ ಕೈಕಾಲು ಕೊಯ್ದುಹೋದೀತು. ಬಲೆ ಎಳೆಯುವ ಹೊತ್ತಿನಲ್ಲಿ ಆ ಭಾಗದಲ್ಲಿ ಒಂದು ಕೈಟೂ ಮೇಲೇರಬಾರದು. ನೇತ್ರಾವತಿಯ ಅಳಿವೆಯಲ್ಲಿ ದೋಣಿಗಳು ಹೋಗಿಬರುವ ದಾರಿಯಲ್ಲಿಯೂ ಅಷ್ಟೇ.

ನಮ್ಮ ಕರಾವಳಿಗೆ ಇಂಥ ಆಟ ಹೊಸದಲ್ಲ. ಮೂಲ್ಕಿಯಲ್ಲಿ ಸರ್ಫಿಂಗ್ ಬೇರೂರಿ ವರ್ಷಗಳಾದವು. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೂ ನಡೆಯಿತು. ಕೈಟ್ ಹಿಡಿದು, ನೀರೊಳಗಿನ ರೆಕ್ಕೆಯಿಂದ ನೀರಿನ ಮೇಲಕ್ಕೇಳುವ ಫಾಯಿಲ್ ಹಲಗೆಯ ಮೇಲೆ ಸಾಗುವ ಸ್ಪರ್ಧೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿತು. ಇಲ್ಲಿಯ ಮೊಗವೀರರ ಮಕ್ಕಳಿಗೆ ಅಲೆಯ ಗುಣ ಚಿಕ್ಕಂದಿನಿಂದಲೇ ಗೊತ್ತು. ಸರಿಯಾಗಿ ಕಲಿಸಿದರೆ ಅವರು ಯಾರಿಗೂ ಕಡಿಮೆಯಾಗಲಾರರೆಂಬ ನಂಬಿಕೆ ನನಗಿದೆ.

ಜಿಲ್ಲಾಡಳಿತವು ಮೀನುಗಾರರ ಮುಖಂಡರನ್ನು, ಕರಾವಳಿ ಕಾವಲು ಪೊಲೀಸರನ್ನು ಮತ್ತು ಆಟಗಾರರನ್ನು ಒಂದೆಡೆ ಕೂರಿಸಿ, ಕೈಟ್ ಏರಿಸುವ ಮತ್ತು ಇಳಿಸುವ ಜಾಗಕ್ಕೆ ಬಾವುಟ ನೆಟ್ಟು, ರೀಫಿನ ಅಂಚು ದಡದಿಂದಲೂ ಎದ್ದು ಕಾಣುವಂತೆ ತೇಲುಗುರುತು ಹಾಕಿಸಬೇಕು. ಈ ಕೆಲಸ ಬರುವ ಮಾರ್ಚ್‌ಗೆ ಮೊದಲೇ ಮುಗಿಯಲಿ.

ಇಂತಿ,
ಪತ್ರಿಕೆಯ ಓದುಗ, ಉಳ್ಳಾಲ