ಕೆರಿಸ್ ಪತ್ರಿಕೆ: ಭಾನುವಾರದೊಳಗೆ ಅಭಿಪ್ರಾಯ ತಿಳಿಸಿ

ಎಲ್ಲರಿಗೂ ನಮಸ್ಕಾರ. ಇಂಡೋನೇಷ್ಯಾದ ಕೆರಿಸ್ ಕಠಾರಿಗಳ ಬಗ್ಗೆ ಶುರುವಾಗಿರುವ ಹೊಸ ಪತ್ರಿಕೆಯ ಮೊದಲ ಸಂಚಿಕೆ ಓದಿದವರು ಭಾನುವಾರ ರಾತ್ರಿ 9ರೊಳಗೆ ಇಲ್ಲೇ ಅಭಿಪ್ರಾಯ ಹಾಕಿ. ಸೋಮವಾರ ಎಲ್ಲವನ್ನೂ ಒಟ್ಟು ಮಾಡಿ ಸಂಪಾದಕರಿಗೆ ಕಳಿಸುತ್ತೇನೆ.

ಫೋಟೋಗಳ ಬಗ್ಗೆ ದಯವಿಟ್ಟು ಬಿಡಿಸಿ ಬರೆಯಿರಿ. ಕಬ್ಬಿಣ, ನಿಕ್ಕಲ್ ಪದರಗಳನ್ನು ಬೆಸೆದು ಬಡಿದ ಅಲಗನ್ನು ನಿಂಬೆರಸ, ಪಾಷಾಣದಲ್ಲಿ ತೊಳೆದಾಗ ಕಪ್ಪು ಮೈಮೇಲೆ ಬೆಳ್ಳಿಗೆರೆಯಂತೆ ಎದ್ದು ಕಾಣುತ್ತದಲ್ಲ, ಆ ಪಾಮೋರ್ ಚಿತ್ತಾರ ಅಚ್ಚಿನಲ್ಲಿ ಮಸುಕಾದರೆ ಸಂಗ್ರಾಹಕರಿಗೆ ಏನೂ ಸಿಕ್ಕಂತಾಗುವುದಿಲ್ಲ. ಹರಾಜಿನ ಬೆಲೆಗಿಂತ ಎಂಪುಗಳ, ಅಂದರೆ ಕೆರಿಸ್ ಮಾಡುವ ಕಮ್ಮಾರರ, ಕೆಲಸಕ್ಕೆ ಹೆಚ್ಚು ಪುಟ ಸಿಗಲಿ ಎಂಬುದು ನನ್ನ ಆಸೆ. ಜಾವಾದ ಸೋಲೋ, ಯೋಗ್ಯಕರ್ತಾ ನಗರಗಳ ಶೈಲಿಯ ಒರೆಗಳನ್ನು ಅಕ್ಕಪಕ್ಕ ತೋರಿಸಿದರೆ ಹೊಸಬರಿಗೂ ಅನುಕೂಲ.

ಪ್ರತಿ ಸಿಗದವರು ಇಂದೇ ತಿಳಿಸಿ, ನನ್ನದನ್ನು ಓದಲು ಕೊಡುತ್ತೇನೆ.