ಆರೋಗ್ಯ ವಿಮೆ ರಿನ್ಯೂವಲ್: ಹಣ ಕಟ್ಟುವ ಮೊದಲು

ಎಲ್ಲರಿಗೂ ನಮಸ್ಕಾರ. ಮುಂದಿನ ಎರಡು ತಿಂಗಳಲ್ಲಿ ಆರೋಗ್ಯ ವಿಮೆ ರಿನ್ಯೂವಲ್ ಇರುವವರ ಗಮನಕ್ಕೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ, ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಂದೇ) ಪಾಲಿಸಿಗಳಿಗೆ 18% ಜಿಎಸ್‌ಟಿ ಇಲ್ಲ. ಆದರೂ ಜಿಎಸ್‌ಟಿ ಸೇರಿಸಿ ಕಟ್ಟಿದ್ದ ಹಿಂದಿನ ಮೊತ್ತಕ್ಕಿಂತ ಇಳಿಯದಿದ್ದರೆ ಮೂಲ ಪ್ರೀಮಿಯಮ್ಮೇ ಏರಿದೆ ಎಂದರ್ಥ. ಪ್ರೀಮಿಯಂ ಏರುವ ವಯಸ್ಸಿನ ಸ್ಲ್ಯಾಬ್ ದಾಟಿದ್ದೀರಾ ನೋಡಿ.

ಪ್ರೀಮಿಯಂ ತಗ್ಗಿಸಲು ಆಸ್ಪತ್ರೆಯ ರೂಮ್ ಬಾಡಿಗೆಗೆ ಮಿತಿ ಒಪ್ಪಬೇಡಿ, ಅದು ದುಬಾರಿ ಉಳಿತಾಯ. ದಿನಕ್ಕೆ ₹5,000 ಮಿತಿಯಿದ್ದು ಮಂಗಳೂರಲ್ಲಿ ₹8,000ದ ರೂಮ್ ಹಿಡಿದರೆ ಡಾಕ್ಟರ್ ಫೀಸು, ಓಟಿ (ಆಪರೇಷನ್ ಥಿಯೇಟರ್) ಚಾರ್ಜಿನಲ್ಲೂ ಅದೇ ಅನುಪಾತದಲ್ಲಿ 62.5% ಮಾತ್ರ ಸಿಕ್ಕೀತು. (ಔಷಧ, ಇಂಪ್ಲಾಂಟ್‌ಗೆ ಈ ಕಡಿತವಿಲ್ಲ.) ಅದರ ಬದಲು, ವರ್ಷದ ಆಸ್ಪತ್ರೆ ಖರ್ಚು ನಿಗದಿತ ಮೊತ್ತ ದಾಟಿದ ಮೇಲೆ ಭರಿಸುವ ಹೆಚ್ಚುವರಿ ಪಾಲಿಸಿಯಾದ ಸೂಪರ್ ಟಾಪ್‌-ಅಪ್ ವಿಚಾರಿಸಿ.

ಕಂಪೆನಿ ಬದಲಿಸುವವರು ರಿನ್ಯೂವಲ್ ದಿನಕ್ಕಿಂತ 45 ದಿನ ಮೊದಲೇ ಪೋರ್ಟಿಂಗ್ ಅರ್ಜಿ ಹಾಕಿ. ಹೊಸದು ಕೈಸೇರುವ ತನಕ ಹಳೆಯದು ಬಿಡಬೇಡಿ.

ಭಾನುವಾರ ಸಂಜೆ 5ಕ್ಕೆ ಕ್ಲಬ್ ರೂಮಿನಲ್ಲಿ ಪಾಲಿಸಿ ನೋಡಿ ಹೇಳುತ್ತೇವೆ. ಬರುವವರು ಫ್ಲಾಟ್ ನಂಬರ್ ಮಾತ್ರ ಇಲ್ಲಿ ಹಾಕಿ; ಪಾಲಿಸಿ ಫೋಟೊ ಗ್ರೂಪಿಗೆ ಬೇಡ ಮಾರಾಯ್ರೆ.